ಸಾಮಾಜಿಕ ಮಾಧ್ಯಮ ಯುವ ಮತದಾರರನ್ನು ಎಲ್ಲಿಯವರೆಗೆ ಕರೆತರುತ್ತದೆ?

2024ರ ಏಪ್ರಿಲ್ 26ರಂದು ಬೆಂಗಳೂರಿನ ಉತ್ತರ, ಕೇಂದ್ರ ಮತ್ತು ದಕ್ಷಿಣ ಲೋಕಸಭಾ ಕ್ಷೇತ್ರಗಳಲ್ಲಿ ಮತದಾನ ನಡೆಯಿತು. ಅದಕ್ಕೂ ಹಿಂದಿನ ಹಲವು ವಾರಗಳ ಕಾಲ ನಗರದ ಯುವಜನರ ಮೊಬೈಲ್‌ಗಳಲ್ಲಿ ರಾಜಕೀಯ ಬಿಟ್ಟರೆ ಬೇರೆ ಮಾತೇ ಇಲ್ಲವೆಂಬಂತಿತ್ತು. ಹಾಗಿದ್ದೂ ಮೂರು ಕ್ಷೇತ್ರಗಳಲ್ಲಿ ಮತದಾನದ ಪ್ರಮಾಣ ಶೇ 53 ಮತ್ತು ಶೇ 55ರ ನಡುವೆ ನಿಂತಿತು. ಅದೇ ದಿನ ಮತದಾನ ನಡೆದ ಮಂಡ್ಯ ಕ್ಷೇತ್ರದಲ್ಲಿ ಶೇ 81ಕ್ಕೂ ಹೆಚ್ಚು ಮಂದಿ ಮತ ಚಲಾಯಿಸಿದರು. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಬೆಂಗಳೂರಿನ ಮತದಾರರ ಪಟ್ಟಿಯಲ್ಲಿ ಮನೆ ಬದಲಿಸಿ ಹೋದವರ, ಎರಡು ಕಡೆ ಹೆಸರಿರುವವರ ನಮೂದುಗಳು ಉಳಿದುಕೊಳ್ಳುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು. ಮತದಾನ ಮಾಡದವರೆಲ್ಲ ಯುವಜನರೂ ಅಲ್ಲ. ಆದರೂ ಜಾಲತಾಣಗಳಲ್ಲಿ ಕಾಣುವ ರಾಜಕೀಯ ಉತ್ಸಾಹಕ್ಕೂ ಮತಗಟ್ಟೆಯಲ್ಲಿ ಎಣಿಕೆಯಾಗುವ ಮತಕ್ಕೂ ನೇರ ಸಂಬಂಧವಿದೆ ಎಂದು ಭಾವಿಸಿದವರು ನಿಂತು ಯೋಚಿಸುವಷ್ಟು ಈ ಅಂತರ ದೊಡ್ಡದು.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪದೇ ಪದೇ ಕೇಳಿಬರುತ್ತವೆ. ಸಾಮಾಜಿಕ ಮಾಧ್ಯಮವು ಯುವಜನರನ್ನು ರಾಜಕೀಯಕ್ಕೆ ತಂದಿದೆ ಎಂಬುದು ಒಂದು. ಅವರನ್ನು ರಾಜಕೀಯದಿಂದ ದೂರ ಒಯ್ದು ಬರೀ ಗದ್ದಲದಲ್ಲಿ ಮುಳುಗಿಸಿದೆ ಎಂಬುದು ಇನ್ನೊಂದು. ಎರಡೂ ಅಭಿಪ್ರಾಯಗಳು ‘ಭಾಗವಹಿಸುವಿಕೆ’ಯನ್ನು ಒಂದೇ ಕ್ರಿಯೆಯೆಂದು ಎಣಿಸುವುದರಿಂದ ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಒಂದು ಸುದ್ದಿ ಕಿವಿಗೆ ಬೀಳುವುದು, ಅದರ ಬಗ್ಗೆ ಅಭಿಪ್ರಾಯ ಮೂಡುವುದು, ಆ ಅಭಿಪ್ರಾಯವನ್ನು ನಾಲ್ಕು ಜನರೆದುರು ಹೇಳುವುದು, ಅದಕ್ಕಾಗಿ ಬೀದಿಗೋ ಸಭೆಗೋ ಬರುವುದು, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸುವುದು, ಮತದಾನದ ದಿನ ಸಾಲಿನಲ್ಲಿ ನಿಲ್ಲುವುದು, ಗೆದ್ದವರನ್ನು ಆಮೇಲೂ ಪ್ರಶ್ನಿಸುವುದು, ಇವೆಲ್ಲವೂ ಬೇರೆಬೇರೆ ಹಂತಗಳು. ಸಾಮಾಜಿಕ ಮಾಧ್ಯಮದ ಬಲ ಮೊದಲ ಮೂರು ಹಂತಗಳಲ್ಲಿ ಅಗಾಧವಾಗಿದೆ. ಹೆಸರು ಸೇರಿಸುವ ಮತ್ತು ಮತ ಹಾಕುವ ಹಂತಗಳಿಗೆ ಬರುವಷ್ಟರಲ್ಲಿ ಅದು ತೀರಾ ಕ್ಷೀಣವಾಗುತ್ತದೆ. ಅಲ್ಲಿಂದ ಮುಂದೆ ಕೆಲಸ ಮಾಡುವುದು ಪರಿಚಿತ ಮನುಷ್ಯರು ಮತ್ತು ಸರಿಯಾದ ಸಮಯಕ್ಕೆ ತುಂಬಿದ ಅರ್ಜಿಗಳು.

ಇದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಗುವುದು ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ. 2010ರ ನವೆಂಬರ್ 2ರಂದು ಅಲ್ಲಿನ ಸಂಸತ್ ಚುನಾವಣೆಯ ದಿನ, ಫೇಸ್‌ಬುಕ್ ತನ್ನ ಸುಮಾರು 6.1 ಕೋಟಿ ವಯಸ್ಕ ಬಳಕೆದಾರರನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಬಹುಪಾಲು ಜನರಿಗೆ ಇಂದು ಚುನಾವಣೆಯ ದಿನ ಎಂಬ ಸಂದೇಶ, ‘ನಾನು ಮತ ಹಾಕಿದೆ’ ಎಂಬ ಗುಂಡಿ ಮತ್ತು ಅದನ್ನು ಈಗಾಗಲೇ ಒತ್ತಿದ ಸ್ನೇಹಿತರ ಮುಖಚಿತ್ರಗಳು ಕಂಡವು. ಸುಮಾರು ಆರು ಲಕ್ಷ ಜನರಿಗೆ ಸ್ನೇಹಿತರ ಮುಖಗಳಿಲ್ಲದೆ ಸಂದೇಶ ಮಾತ್ರ ಕಂಡಿತು. ಇನ್ನೂ ಅಷ್ಟೇ ಜನರಿಗೆ ಏನನ್ನೂ ತೋರಿಸಲಿಲ್ಲ. ಆಮೇಲೆ ಸಂಶೋಧಕರು ಲಕ್ಷಾಂತರ ಬಳಕೆದಾರರ ವಿವರಗಳನ್ನು ಸರ್ಕಾರಿ ಮತದಾನ ದಾಖಲೆಗಳೊಂದಿಗೆ ಹೋಲಿಸಿ ನೋಡಿದರು. ಫಲಿತಾಂಶ 2012ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಬರೀ ಸಂದೇಶವನ್ನು ಕಂಡವರು ಏನನ್ನೂ ಕಾಣದವರಷ್ಟೇ ಪ್ರಮಾಣದಲ್ಲಿ ಮತ ಹಾಕಿದ್ದರು. ಅಂದರೆ ಕೋಟ್ಯಂತರ ಜನರ ಕಣ್ಣೆದುರು ಇಟ್ಟ ಆ ಸೂಚನೆಗೆ ತಾನಾಗಿ ಯಾವ ಪರಿಣಾಮವೂ ಇರಲಿಲ್ಲ. ಸ್ನೇಹಿತರ ಮುಖಗಳನ್ನು ಕಂಡವರಲ್ಲಿ ಮತದಾನ ಶೇ 0.39ರಷ್ಟು ಅಂಶ ಹೆಚ್ಚಿತ್ತು. ಆದರೆ ಅದೇ ಗುಂಪಿನಲ್ಲಿ ‘ನಾನು ಮತ ಹಾಕಿದೆ’ ಗುಂಡಿಯನ್ನು ಒತ್ತಿದವರ ಪ್ರಮಾಣ ಬರೀ ಸಂದೇಶ ಕಂಡವರಿಗಿಂತ ಶೇ 2ಕ್ಕೂ ಹೆಚ್ಚು ಅಂಶ ಏರಿತ್ತು. ಮತ ಹಾಕಿದ್ದೇನೆಂದು ತೋರಿಸಿಕೊಳ್ಳುವ ಬಯಕೆಯು ಮತ ಹಾಕುವ ಕ್ರಿಯೆಗಿಂತ ಹಲವು ಪಟ್ಟು ವೇಗವಾಗಿ ಹಬ್ಬಿತೆಂದು ಇದರಿಂದ ತಿಳಿಯುತ್ತದೆ. ಒಟ್ಟಾರೆಯಾಗಿ ಸುಮಾರು 3.4 ಲಕ್ಷ ಹೆಚ್ಚುವರಿ ಮತಗಳು ಬಿದ್ದವೆಂದು ಸಂಶೋಧಕರು ಅಂದಾಜಿಸಿದರು. ಅದರಲ್ಲಿ ಸ್ನೇಹಿತರ ಮುಖಗಳಿದ್ದ ಸಂದೇಶವನ್ನು ನೇರವಾಗಿ ಕಂಡದ್ದರಿಂದ ಬಂದವು ಸುಮಾರು 60 ಸಾವಿರ ಮಾತ್ರ, ಉಳಿದ 2.8 ಲಕ್ಷ ಮತಗಳು ಒಬ್ಬರಿಂದ ಇನ್ನೊಬ್ಬರಿಗೆ ದಾಟಿದ ಪ್ರಭಾವದಿಂದ ಬಂದವು. ಹಾಗೆ ದಾಟಿದ್ದು ನಿತ್ಯ ಮುಖಾಮುಖಿ ಭೇಟಿಯಾಗುವಂಥ ಆಪ್ತ ಸ್ನೇಹಿತರ ನಡುವೆ. ಜಾಲತಾಣದಲ್ಲಿ ಮಾತ್ರ ಗೊತ್ತಿರುವ ನೂರಾರು ‘ಸ್ನೇಹಿತರು’ ಪರಸ್ಪರರ ಮತದಾನವನ್ನು ಬದಲಿಸಲಿಲ್ಲ.

ಸಣ್ಣ ಅಂತರದಲ್ಲಿ ಗೆಲುವು ನಿರ್ಧಾರವಾಗುವ ಕ್ಷೇತ್ರಗಳಲ್ಲಿ ಇಷ್ಟು ಮತಗಳೂ ನಿರ್ಣಾಯಕವೇ. ಯಾರಿಗೆ ಯಾವ ಸಂದೇಶ ಕಾಣಬೇಕೆಂಬುದನ್ನು ಒಂದು ಖಾಸಗಿ ಕಂಪನಿ ನಿರ್ಧರಿಸಬಲ್ಲದು ಎಂಬ ಸಂಗತಿಯೂ ಆತಂಕಕ್ಕೆ ಕಾರಣವಾಗಬೇಕಾದದ್ದೇ. ಆದರೆ 2020ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ, ಸಾವಿರಾರು ಬಳಕೆದಾರರಿಗೆ ಹಣ ನೀಡಿ ಆರು ವಾರಗಳ ಕಾಲ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂನಿಂದ ದೂರ ಇರಿಸಿದ ಇನ್ನೊಂದು ದೊಡ್ಡ ಪ್ರಯೋಗದಲ್ಲೂ ಮತದಾನದ ಪ್ರಮಾಣ ಹೆಚ್ಚುಕಡಿಮೆ ಬದಲಾಗಲಿಲ್ಲ. ಕಡಿಮೆಯಾದದ್ದು ಆನ್‌ಲೈನ್‌ನಲ್ಲಿ ರಾಜಕೀಯ ಮಾತಾಡುವ, ಹಂಚಿಕೊಳ್ಳುವ, ಸಹಿ ಹಾಕುವ ಚಟುವಟಿಕೆ. ಹತ್ತು ವರ್ಷಗಳ ಅಂತರದಲ್ಲಿ, ಬೇರೆಬೇರೆ ವಿಧಾನದಲ್ಲಿ ನಡೆದ ಎರಡು ಪ್ರಯೋಗಗಳು ಒಂದೇ ದಿಕ್ಕಿಗೆ ಬೆರಳು ತೋರುತ್ತವೆ.

ಭಾರತದಲ್ಲಿ ಇದಕ್ಕೆ ಇನ್ನೊಂದು ಅಡ್ಡಿ ಸೇರುತ್ತದೆ. ಸಂವಿಧಾನದ 61ನೇ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಆದರೆ 18 ತುಂಬಿದ ಮಾತ್ರಕ್ಕೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ; ನಮೂನೆ 6 ತುಂಬಿ ಅರ್ಜಿ ಹಾಕಬೇಕು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ 18–19 ವಯಸ್ಸಿನ 1.8 ಕೋಟಿಗೂ ಹೆಚ್ಚು ಮತದಾರರು ಪಟ್ಟಿಯಲ್ಲಿದ್ದರು. ಸಂಖ್ಯೆ ದೊಡ್ಡದಾಗಿ ಕಂಡರೂ, ಆ ವಯಸ್ಸಿನವರ ಅಂದಾಜು ಜನಸಂಖ್ಯೆಯೊಂದಿಗೆ ಹೋಲಿಸಿದರೆ ಹೆಸರು ನೋಂದಾಯಿಸಿಕೊಂಡವರು ಶೇ 40ನ್ನೂ ಮುಟ್ಟಿರಲಿಲ್ಲ. ಮತದಾನದ ಪ್ರಮಾಣವನ್ನು ಪಟ್ಟಿಯಲ್ಲಿರುವವರ ಲೆಕ್ಕದಲ್ಲೇ ಹೇಳುವುದರಿಂದ, ಪಟ್ಟಿಗೇ ಬಾರದ ಈ ಕೋಟ್ಯಂತರ ಯುವಜನರ ಗೈರುಹಾಜರಿ ಯಾವ ಅಂಕಿಯಲ್ಲೂ ಕಾಣಿಸುವುದಿಲ್ಲ. ಯುವ ಮತದಾರರ ಕುರಿತ ನಮ್ಮ ಚರ್ಚೆಗಳಲ್ಲಿ ನನ್ನ ಮಟ್ಟಿಗೆ ಅತಿ ದೊಡ್ಡ ಕೊರತೆ ಇದೇ.

ಇಲ್ಲಿ ಕಾಲದ ಲೆಕ್ಕಾಚಾರ ಬಹಳ ಮುಖ್ಯವಾಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ, ಚುನಾವಣೆ ಮುಗಿಯುವವರೆಗೆ ಆ ಕ್ಷೇತ್ರದ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ; ಅರ್ಜಿಯ ಪರಿಶೀಲನೆಗೂ ಸಮಯ ಬೇಕಾದ್ದರಿಂದ ವಾಸ್ತವದಲ್ಲಿ ಅದಕ್ಕಿಂತ ಹಲವು ದಿನ ಮೊದಲೇ ಅರ್ಜಿ ತಲುಪಿರಬೇಕು. 2024ರಲ್ಲಿ ಕರ್ನಾಟಕದ ಮೊದಲ ಹಂತಕ್ಕೆ ನಾಮಪತ್ರ ಸಲ್ಲಿಸಲು ಏಪ್ರಿಲ್ 4 ಕೊನೆಯ ದಿನವಾಗಿತ್ತು, ಮತದಾನ ನಡೆದದ್ದು 26ರಂದು. ಅಭ್ಯರ್ಥಿಗಳ ಭಾಷಣದ ತುಣುಕುಗಳು, ಟ್ರೋಲ್ ಪೇಜ್‌ಗಳ ಮೀಮ್‌ಗಳು, ನಟನಟಿಯರ ಮನವಿಯ ರೀಲ್ಸ್‌ಗಳು ಭರಾಟೆಯಿಂದ ಹರಿದಾಡುವುದು ಈ ಮೂರು ವಾರಗಳಲ್ಲಿಯೇ. ಅಂದರೆ ಜಾಲತಾಣದ ಬಿಸಿ ಏರಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ತಾನೂ ಮತ ಹಾಕಬೇಕೆಂದು ನಿರ್ಧರಿಸುವ ಹೊತ್ತಿಗೆ ಪಟ್ಟಿಯ ಬಾಗಿಲು ಮುಚ್ಚಿರುತ್ತದೆ.

ಕಾನೂನು ಈ ವಿಷಯದಲ್ಲಿ ಸ್ವಲ್ಪ ಸುಧಾರಿಸಿದೆ. ಹಿಂದೆ ಜನವರಿ 1ಕ್ಕೆ 18 ತುಂಬಿದವರು ಮಾತ್ರ ಆ ವರ್ಷ ಅರ್ಹರಾಗುತ್ತಿದ್ದರು. 2021ರ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನಾಂಕಗಳು ಬಂದಿವೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು ತಮ್ಮ ಊರಿನ ಮನೆಯ ವಿಳಾಸದಲ್ಲಾಗಲಿ, ಓದುತ್ತಿರುವ ಊರಿನ ಹಾಸ್ಟೆಲ್ ವಿಳಾಸದಲ್ಲಾಗಲಿ, ಒಂದು ಕಡೆ ಮಾತ್ರ, ಹೆಸರು ಸೇರಿಸಬಹುದು. ಮನೆ ಬದಲಿಸಿದವರಿಗೆ ನಮೂನೆ 8 ಇದೆ. ಕಲಬುರಗಿಯಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಬಂದು ಪಿಜಿಗಳಲ್ಲಿ ಉಳಿದು ಕೆಲಸ ಮಾಡುವ ಯುವಜನರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಈ ಮಾಹಿತಿ. ಅವರ ಮೊಬೈಲ್‌ಗೆ ಎಲ್ಲಕ್ಕಿಂತ ಕಡಿಮೆ ತಲುಪುವುದೂ ಇದೇ. ಕರ್ನಾಟಕದಲ್ಲಿ ಮತದಾನ ಜಾಗೃತಿಯ ರಾಯಭಾರಿಯಾಗಿದ್ದ ಕ್ರಿಕೆಟಿಗ ರಾಹುಲ್ ದ್ರಾವಿಡ್ ಅವರೇ 2019ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಲಾಗಲಿಲ್ಲ. ಮನೆ ಬದಲಾದಾಗ ಹಳೆಯ ವಿಳಾಸದಿಂದ ಹೆಸರು ತೆಗೆಯಲಾಗಿತ್ತು, ಹೊಸ ವಿಳಾಸದಲ್ಲಿ ಗಡುವಿನೊಳಗೆ ಸೇರಿರಲಿಲ್ಲ. ಅಷ್ಟು ಹೆಸರಾಂತರಿಗೇ ಹೀಗಾದರೆ, ವರ್ಷಕ್ಕೊಂದು ಬಾಡಿಗೆ ಕೋಣೆ ಬದಲಿಸುವವರ ಪಾಡನ್ನು ಊಹಿಸಬಹುದು.

ಈ ಮಾಹಿತಿ ಏಕೆ ತಲುಪುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಜಾಲತಾಣಗಳು ಕೆಲಸ ಮಾಡುವ ರೀತಿಯಲ್ಲಿದೆ. ಮೊದಲು ಫೇಸ್‌ಬುಕ್‌ನಲ್ಲಿ ಕಾಣುತ್ತಿದ್ದದ್ದು ಮುಖ್ಯವಾಗಿ ನಮಗೆ ಗೊತ್ತಿದ್ದವರ ಬರಹಗಳು. 2020ರ ಜೂನ್‌ನಲ್ಲಿ ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿ, ಮರುತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿದ ಮೇಲೆ ಕಿರು ವಿಡಿಯೊಗಳೇ ಯುವಜನರ ಮುಖ್ಯ ನೋಟವಾದವು. ಇಲ್ಲಿ ಮುಂದಿನ ವಿಡಿಯೊ ಯಾವುದೆಂದು ನಿರ್ಧರಿಸುವುದು ಪರಿಚಯವಲ್ಲ. ನೋಡುಗರು ಯಾವುದರ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟರು, ಯಾವುದನ್ನು ಇತರರಿಗೆ ಕಳಿಸಿದರು ಎಂಬ ಎಣಿಕೆ. ಕೋಪ, ಅಚ್ಚರಿ, ಹೆಮ್ಮೆ, ಅವಮಾನ ಹುಟ್ಟಿಸುವ ತುಣುಕುಗಳು ಈ ಎಣಿಕೆಯಲ್ಲಿ ಸಹಜವಾಗಿಯೇ ಮುಂದೆ ಬರುತ್ತವೆ. ನಮೂನೆ 8ನ್ನು ತುಂಬುವುದು ಹೇಗೆಂದು ವಿವರಿಸುವ ವಿಡಿಯೊಗೆ ಅಂಥ ಅದೃಷ್ಟವಿಲ್ಲ. ಸದನದಲ್ಲಿ ಎರಡು ಗಂಟೆ ನಡೆದ ಚರ್ಚೆಯಿಂದ ಉಳಿಯುವುದು ಒಬ್ಬ ಶಾಸಕರು ಇನ್ನೊಬ್ಬರನ್ನು ಗದರಿದ ಮೂವತ್ತು ಸೆಕೆಂಡು. ರಾಜಕೀಯವನ್ನು ಹೀಗೆ ಮಾತ್ರ ನೋಡಿ ಬೆಳೆದವರಿಗೆ ನಾಯಕರ ಮುಖ, ಮಾತಿನ ಖದರು ಚೆನ್ನಾಗಿ ಗೊತ್ತಿರುತ್ತದೆ. ಬಜೆಟ್ ಎಲ್ಲಿಗೆ ಹೋಯಿತು, ತಮ್ಮ ಕ್ಷೇತ್ರದ ಶಾಸಕರು ಯಾರು ಎಂಬುದು ಗೊತ್ತಿರಬೇಕೆಂದಿಲ್ಲ. ಇದು ಆ ಯುವಜನರ ತಪ್ಪೆಂದು ನಾನು ಭಾವಿಸುವುದಿಲ್ಲ. ಅವರ ಮುಂದೆ ಇಟ್ಟದ್ದನ್ನು ಅವರು ನೋಡುತ್ತಿದ್ದಾರೆ.

ಹಾಗೆಂದು ಸಾಮಾಜಿಕ ಮಾಧ್ಯಮದಿಂದ ಏನೂ ಸಾಧ್ಯವಾಗಿಲ್ಲ ಎನ್ನುವುದು ದೊಡ್ಡ ಅನ್ಯಾಯವಾಗುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,791 ಕೋಟಿ ರೂಪಾಯಿ ವೆಚ್ಚದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಾಗ, ಅದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುತ್ತದೆ ಎಂಬ ಸಂಗತಿ ಜಾಲತಾಣಗಳಲ್ಲಿ ಹರಡಿತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಶ್‌ಟ್ಯಾಗ್ ಮೊಬೈಲ್‌ನಲ್ಲೇ ಉಳಿಯಲಿಲ್ಲ. ಆ ವರ್ಷದ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಯೋಜನೆಯ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷದ ಜೂನ್ ಮತ್ತು ಜುಲೈನಲ್ಲಿ ‘ನಮ್ಮ ಮೆಟ್ರೊ ಹಿಂದಿ ಬೇಡ’ ಅಭಿಯಾನ ಟ್ವಿಟರ್‌ನಲ್ಲಿ ಹುಟ್ಟಿ, ಮೆಟ್ರೊ ನಿಲ್ದಾಣಗಳ ಹಿಂದಿ ನಾಮಫಲಕಗಳ ಮುಂದೆ ಕನ್ನಡ ಸಂಘಟನೆಗಳ ಪ್ರತಿಭಟನೆಯಾಗಿ ಬೆಳೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೇಂದ್ರಕ್ಕೆ ಪತ್ರ ಬರೆದರು. ಫಲಕಗಳಿಂದ ಹಿಂದಿ ಹೋಯಿತು. 2023ರ ಏಪ್ರಿಲ್‌ನಲ್ಲಿ ಅಮುಲ್ ಸಂಸ್ಥೆಯು ಬೆಂಗಳೂರಿನಲ್ಲಿ ಹಾಲು ಮತ್ತು ಮೊಸರು ಮಾರಾಟಕ್ಕೆ ಬರುತ್ತಿರುವುದಾಗಿ ಟ್ವೀಟ್ ಮಾಡಿದಾಗ, ಎದ್ದ ‘ನಂದಿನಿ ಉಳಿಸಿ’ ಎಂಬ ಕೂಗು ಕೆಲವೇ ದಿನಗಳಲ್ಲಿ ವಿಧಾನಸಭಾ ಚುನಾವಣೆಯ ವಿಷಯವಾಗಿ ಮಾರ್ಪಟ್ಟಿತು.

ಈ ಮೂರರಲ್ಲಿ ಯಾವುದೂ ಒಂದು ಪಕ್ಷದ ಕಚೇರಿಯಲ್ಲಿ ಹುಟ್ಟಿದ್ದಲ್ಲ. ನಂದಿನಿಯ ವಿಷಯವನ್ನು ಪಕ್ಷಗಳು ಬಲುಬೇಗ ಎತ್ತಿಕೊಂಡವಾದರೂ ಅದಕ್ಕೆ ಮೊದಲು ದನಿಯಾದವರು ಸಾಮಾನ್ಯ ಬಳಕೆದಾರರು. ಗಮನಿಸಬೇಕಾದ ಸಂಗತಿಯೆಂದರೆ ಪ್ರತಿಯೊಂದರಲ್ಲೂ ಬೇಡಿಕೆ ಒಂದೇ ಇತ್ತು, ಅದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು. ಅದನ್ನು ಈಡೇರಿಸುವ ಅಧಿಕಾರ ಯಾರಿಗಿದೆ ಎಂಬುದು ಮೊದಲೆರಡರಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗೂ ಜಾಲತಾಣದ ಹೊರಗೆ ಕೆಲಸ ಮಾಡುವ ಸಂಘಟನೆಗಳು, ವಕೀಲರು, ಹಳೆಯ ಹೋರಾಟಗಾರರು ಆಗಲೇ ಸಿದ್ಧರಿದ್ದರು. ಕಾವೇರಿಗಾಗಿ, ಗೋಕಾಕ್ ವರದಿಗಾಗಿ ಬೀದಿಗಿಳಿದಿದ್ದ ಪೀಳಿಗೆಯೊಂದು ಹ್ಯಾಶ್‌ಟ್ಯಾಗ್‌ನ ಪೀಳಿಗೆಗೆ ಕೈಜೋಡಿಸಿದಾಗ ಮಾತ್ರ ಫಲ ಸಿಕ್ಕಿತು. ಇದರ ಮಿತಿಯೂ ಇಲ್ಲಿಯೇ ಇದೆ. ಮರ ಕಡಿಯಬೇಡಿ, ಫಲಕ ತೆಗೆಯಿರಿ ಎಂಬಂಥ ‘ಬೇಡ’ಗಳಿಗೆ ಈ ವಿಧಾನ ಹೊಂದುತ್ತದೆ. ಉದ್ಯೋಗ ಸೃಷ್ಟಿ, ನೇಮಕಾತಿ ಪರೀಕ್ಷೆಗಳ ಸುಧಾರಣೆ, ನೀರು ಹಂಚಿಕೆಯಂಥ ವರ್ಷಗಟ್ಟಲೆ ಹಿಡಿಯುವ ಬೇಡಿಕೆಗಳನ್ನು ಹಿಡಿದು ನಿಲ್ಲುವ ತಾಳ್ಮೆ ಜಾಲತಾಣಗಳ ಸ್ವಭಾವದಲ್ಲಿಲ್ಲ.

ಪಕ್ಷಗಳು ಇದನ್ನೆಲ್ಲ ಬೇಗ ಕಲಿತವು. 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಕಾಂಗ್ರೆಸ್ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಚಿತ್ರವಿದ್ದ ‘ಪೇ ಸಿಎಂ’ ಪೋಸ್ಟರ್‌ಗಳನ್ನು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿತು. ಹಣ ಪಾವತಿಯ ಆ್ಯಪ್‌ನಂತೆ ಕಾಣುವ ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ಶೇ 40ರಷ್ಟು ಕಮಿಷನ್ ಆರೋಪವನ್ನು ಕುರಿತ ಜಾಲತಾಣ ತೆರೆದುಕೊಳ್ಳುತ್ತಿತ್ತು. ಗೋಡೆಯ ಮೇಲೆ ಅದನ್ನು ಕಂಡವರಿಗಿಂತ ಮೊಬೈಲ್‌ನಲ್ಲಿ ಅದರ ಚಿತ್ರ ಕಂಡವರೇ ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಅದರ ಉದ್ದೇಶವೂ ಅದೇ ಆಗಿತ್ತು. ಬಿಜೆಪಿ ಈ ಕಲೆಯನ್ನು ಇನ್ನೂ ಮೊದಲೇ, ದೇಶದಾದ್ಯಂತ, ಬೂತ್ ಮಟ್ಟದ ವಾಟ್ಸ್‌ಆ್ಯಪ್ ಗುಂಪುಗಳವರೆಗೆ ಇಳಿಸಿತ್ತು. ಇಂದು ಎಲ್ಲ ಪಕ್ಷಗಳಿಗೂ ವಾರ್ ರೂಮ್‌ಗಳಿವೆ. ಪಕ್ಷದ ಅಧಿಕೃತ ಖಾತೆಗಳಿಗಿಂತ ಹೆಚ್ಚು ಪ್ರಭಾವ ಬೀರುವುದು ಪಕ್ಷದ ಹೆಸರೇ ಇಲ್ಲದ, ಸಿನಿಮಾ ಮತ್ತು ಕ್ರಿಕೆಟ್ ಮೀಮ್‌ಗಳ ನಡುವೆ ರಾಜಕೀಯವನ್ನು ಬೆರೆಸಿ ಕೊಡುವ ಪೇಜ್‌ಗಳು.

ಚುನಾವಣಾ ನಿಯಮಗಳು ಸೋಲುವುದೂ ಇಂಥ ಪೇಜ್‌ಗಳ ಮುಂದೆ. 2013ರಲ್ಲೇ ಚುನಾವಣಾ ಆಯೋಗವು ಅಭ್ಯರ್ಥಿಗಳು ತಮ್ಮ ಸಾಮಾಜಿಕ ಮಾಧ್ಯಮ ಖಾತೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು, ಜಾಹೀರಾತುಗಳಿಗೆ ಮುಂಚಿತವಾಗಿ ಅನುಮೋದನೆ ಪಡೆಯಬೇಕು, ಅದರ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಬೇಕು ಎಂದು ಸೂಚಿಸಿತ್ತು. ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿ 95 ಲಕ್ಷ ರೂಪಾಯಿ. ಆದರೆ ಪಕ್ಷಗಳ ವೆಚ್ಚಕ್ಕೆ ಮಿತಿಯೇ ಇಲ್ಲ, ಮತ್ತು ‘ಅಭಿಮಾನಿ’ ಎಂದು ಹೇಳಿಕೊಳ್ಳುವ ಪೇಜ್‌ಗೆ ಯಾರು ಎಷ್ಟು ಕೊಟ್ಟರೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ತಾನು ನೋಡುತ್ತಿರುವುದು ಒಬ್ಬ ಸ್ವತಂತ್ರ ಯೂಟ್ಯೂಬರ್‌ನ ಅಭಿಪ್ರಾಯವೋ ಹಣ ಪಡೆದು ಹೇಳಿದ ಮಾತೋ ಎಂದು ತಿಳಿಯುವ ಹಕ್ಕು ಮೊದಲ ಬಾರಿ ಮತ ಹಾಕುವವರಿಗೆ ಇರಲೇಬೇಕು. ಇಂದು ಅದು ಇಲ್ಲ.

ಸುಳ್ಳು ಸುದ್ದಿಯ ಬಗ್ಗೆ ಸಾಕಷ್ಟು ಬರೆಯಲಾಗಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿಗಳು ಬೀದರ್ ಜಿಲ್ಲೆಯೂ ಸೇರಿದಂತೆ ಹಲವೆಡೆ ಅಮಾಯಕರ ಜೀವ ತೆಗೆದ ಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಬಾರಿಗೆ ಐದೇ ಕಡೆಗೆ ಫಾರ್ವರ್ಡ್ ಮಾಡುವ ಮಿತಿ ತಂದಿತು. 2024ರ ಮೇ ತಿಂಗಳಲ್ಲಿ ಆಯೋಗವು ಡೀಪ್‌ಫೇಕ್‌ಗಳು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆದುಹಾಕುವಂತೆ ಪಕ್ಷಗಳಿಗೆ ತಾಕೀತು ಮಾಡಿತು. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಪ್ರಚಾರ ನಿಲ್ಲಬೇಕೆಂಬ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮಿನ ಆಶಯವೂ ಮೊಬೈಲ್‌ನೊಳಗೆ ಜಾರಿಯಾಗುವುದು ಕಷ್ಟ. ಬೇಗ ಹೇಳಿ ಮುಗಿಸುವುದಾದರೆ, ಯುವಜನರು ಇಂಥ ಸುಳ್ಳುಗಳಿಗೆ ಹಿರಿಯರಿಗಿಂತ ಹೆಚ್ಚು ಬಲಿಯಾಗುತ್ತಾರೆ ಎನ್ನಲು ಕಾರಣವಿಲ್ಲ. ಅವರ ಸಮಸ್ಯೆ ಬೇರೆ: ಎಲ್ಲವೂ ಸುಳ್ಳಿರಬಹುದೆಂಬ ಶಂಕೆ ಬೇರೂರಿದಾಗ ನಿಜವಾದ ಹಗರಣವೂ ಅವರನ್ನು ಅಲುಗಿಸುವುದಿಲ್ಲ.

ಅದಕ್ಕಿಂತ ಕಡಿಮೆ ಚರ್ಚೆಯಾದ ಸಂಗತಿ ಯುವತಿಯರದು. ಮತಗಟ್ಟೆಗೆ ಬರುವುದರಲ್ಲಿ ಮಹಿಳೆಯರು ಈಗ ಪುರುಷರಿಗೆ ಸರಿಸಮನಾಗಿದ್ದಾರೆ. ಜಾಲತಾಣದ ರಾಜಕೀಯ ಚರ್ಚೆಯಲ್ಲಿ ಮಾತ್ರ ಅವರ ದನಿ ಅಷ್ಟಾಗಿ ಕೇಳುವುದಿಲ್ಲ. ಒಂದು ಅಭಿಪ್ರಾಯ ಬರೆದದ್ದಕ್ಕೆ ರೂಪವನ್ನು, ಜಾತಿಯನ್ನು, ನಡತೆಯನ್ನು ಹೀಗಳೆಯುವ ನೂರಾರು ಪ್ರತಿಕ್ರಿಯೆಗಳು ಬೀಳುವ ಕಡೆ ಯಾರು ತಾನೇ ಮತ್ತೆ ಬರೆಯುತ್ತಾರೆ? ಹಲವರು ಖಾತೆಯನ್ನು ಖಾಸಗಿಯಾಗಿಟ್ಟು ಗೆಳತಿಯರ ಗುಂಪಿನಲ್ಲಿ ಮಾತ್ರ ಮಾತಾಡುತ್ತಾರೆ. ಹೀಗಾಗಿ ‘ಯುವಜನರ ಅಭಿಪ್ರಾಯ’ ಎಂದು ಟಿ.ವಿ. ವಾಹಿನಿಗಳೂ ಪಕ್ಷಗಳೂ ಎತ್ತಿ ತೋರುವ ಟ್ರೆಂಡಿಂಗ್ ಪಟ್ಟಿಯು ನಗರದ, ನಿರ್ಭಯವಾಗಿ ಬರೆಯಬಲ್ಲ ಹುಡುಗರ ಅಭಿಪ್ರಾಯಕ್ಕೆ ವಾಲಿರುತ್ತದೆ.

ಇಷ್ಟೆಲ್ಲ ಭಾರ ಮೊಬೈಲ್‌ನ ಮೇಲೆಯೇ ಬೀಳಲು ಕಾರಣವೂ ಇದೆ. ರಾಜಕೀಯ ಕಲಿಯುವ ಇತರ ಜಾಗಗಳನ್ನು ನಾವೇ ಒಂದೊಂದಾಗಿ ಮುಚ್ಚಿದ್ದೇವೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆಗಳು 1980ರ ದಶಕದ ಕೊನೆಯಲ್ಲಿ ನಿಂತುಹೋದವು. ಅಲ್ಲಿ ಸ್ಪರ್ಧಿಸಿ, ಸೋತು, ಎದುರಾಳಿಯೊಂದಿಗೆ ಮತ್ತೆ ಒಂದೇ ಬೆಂಚಿನಲ್ಲಿ ಕೂತು ಕಲಿಯುತ್ತಿದ್ದ ಪಾಠಕ್ಕೆ ಇಂದು ಬದಲಿಯಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಮತ್ತೆ ನಡೆಯಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅದರ ಅವಧಿ ಮುಗಿದು ಐದು ವರ್ಷ ಕಳೆದರೂ ಹೊಸ ಸದಸ್ಯರು ಬರಲಿಲ್ಲ, 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಯುವಜನರಿಗೆ ಆಸಕ್ತಿಯಿಲ್ಲವೆಂದು ದೂರುವ ಪಕ್ಷಗಳೇ ಸರದಿಯಂತೆ ಅಧಿಕಾರದಲ್ಲಿದ್ದು ಈ ಚುನಾವಣೆಗಳನ್ನು ಮುಂದೂಡುತ್ತ ಬಂದಿವೆ. ಪಾಲಿಕೆಯ ಅವಧಿ ಮುಗಿದ ತಿಂಗಳಲ್ಲಿ 18 ತುಂಬಿದ ಬೆಂಗಳೂರಿನ ಯುವಕ ಯುವತಿಯರಿಗೆ 23 ತುಂಬುವವರೆಗೂ ತಮ್ಮ ವಾರ್ಡ್‌ನ ಸದಸ್ಯರನ್ನು ಆರಿಸುವ ಒಂದು ಅವಕಾಶವೂ ಸಿಗಲಿಲ್ಲ. ಆ ಐದು ವರ್ಷಗಳಲ್ಲಿ ರಸ್ತೆ ಗುಂಡಿಯ, ಕಸದ ರಾಶಿಯ, ಮಳೆನೀರು ನುಗ್ಗಿದ ಮನೆಯ ಚಿತ್ರ ತೆಗೆದು ಅವರು ಜಾಲತಾಣದಲ್ಲಿ ದೂರು ಹಾಕಿದಾಗಲೆಲ್ಲ, ಅದನ್ನು ಟ್ಯಾಗ್ ಮಾಡಲು ಪಾಲಿಕೆಯಲ್ಲಿ ಸಿಕ್ಕಿದ್ದು ಅಧಿಕಾರಿಗಳ ಖಾತೆಗಳು ಮಾತ್ರ. ಮುಂದಿನ ಪಾಲಿಕೆ ಚುನಾವಣೆಯಲ್ಲಿ ಅವರೆದುರು ನಿಂತು ಮತ ಕೇಳಬೇಕಾದ ಯಾರೊಬ್ಬರೂ ಆ ದೂರನ್ನು ಓದಬೇಕಾದ ಸ್ಥಾನದಲ್ಲಿರಲಿಲ್ಲ.